ಮಾರ್ಕರ್ ರಾಜಮಾವ ಮತ್ತು ರುಮೇನಿಯಾದ ಹುಡುಗ

ಚಿಕ್ಕಬಳ್ಳಾಪುರದಲ್ಲಿ ಟೆನ್ನಿಸ್ ರ್‍ಯಾಕೆಟ್ಟನ್ನು ಎಲ್ಲರೂ 'ಬ್ಯಾಟು' ಎನ್ನುತ್ತಿದ್ದ ಕಾಲ ಅದು. ಚೆಂಡುಗಳು ಆಗ ಬೆಳ್ಳಗಿದ್ದವು. ಹೊಸ ಚೆಂಡಿನ ಡಬ್ಬ ತೆರೆದರೆ ಉಸ್ಸೆಂದು ಗಾಳಿ ಹೊರಗೆ ಬಂದು, ಅದರ ಹಿಂದೆಯೇ ರಬ್ಬರು ಮತ್ತು ಹೊಸ ಉಣ್ಣೆ ಬೆರೆತ ವಾಸನೆ ಬರುತ್ತಿತ್ತು. ಆ ವಾಸನೆಗಾಗಿ ನಾನು ಮೂಗು ಒಡ್ಡಿಕೊಂಡು ನಿಲ್ಲುತ್ತಿದ್ದೆ. ನನಗಾಗ ಹತ್ತು ವರ್ಷ. ಅಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. ನಮ್ಮ ಬಾಡಿಗೆ ಮನೆಯ ಹಿತ್ತಲು ಮುಗಿಯುವ ಕಡೆ ಮದರಂಗಿ ಬೇಲಿ. ಬೇಲಿಯಾಚೆ ಆಫೀಸರುಗಳ ಕ್ಲಬ್ಬು, ಅದರ ಕೆಂಪುಮಣ್ಣಿನ ಒಂದೇ ಒಂದು ಟೆನ್ನಿಸ್ ಕೋರ್ಟು.

ಆ ಕೋರ್ಟಿಗೆ ನಮ್ಮ ರಾಜಮಾವನೇ ಮಾರ್ಕರ್. ಅಮ್ಮನ ತಮ್ಮ, ಪೂರ್ತಿ ಹೆಸರು ಮುನಿರಾಜು. ಮಾರ್ಕರ್ ಎಂದರೆ ಏನೆಂದು ಈಗ ಬಿಡಿಸಿ ಹೇಳಬೇಕಾಗುತ್ತದೆ. ಕ್ಲಬ್ಬಿನವರು ಸಂಬಳ ಕೊಟ್ಟು ಇಟ್ಟುಕೊಂಡ ಆಟಗಾರ ಅವನು. ಬೆಳಗಾಗುತ್ತಲೇ ಕೋರ್ಟಿಗೆ ನೀರು ಚಿಮುಕಿಸಿ, ಕಲ್ಲಿನ ರೋಲರು ಎಳೆದು, ದಾರ ಕಟ್ಟಿ ಸುಣ್ಣದ ಗೆರೆ ಹಾಕಬೇಕು. ಬ್ಯಾಟಿಗೆ ಹೆಣೆದ ನರ ಕಿತ್ತುಹೋದರೆ ಬಿಗಿದು ಕೊಡಬೇಕು. ಸಾಯಂಕಾಲ ಮೆಂಬರುಗಳು ಬಂದಾಗ ಜೊತೆಗೆ ಜನ ಸಾಲದಿದ್ದರೆ ಆಡಬೇಕು, ಜನ ಸಾಕಷ್ಟಿದ್ದರೆ ಚೆಂಡು ಎತ್ತಿ ಕೊಡಬೇಕು. ಕಲಿಯುವವರಿಗೆ ಅವರ ಕೈಗೇ ಬರುವ ಹಾಗೆ ಹೊಡೆದು ಕೊಡಬೇಕು. ದೊಡ್ಡ ಸಾಹೇಬರಾದರೆ, ಅವರು ಗೆದ್ದ ಖುಷಿಯಲ್ಲಿ ಮನೆಗೆ ಹೋಗುವ ಹಾಗೆ ಸೋಲಬೇಕು. ಗೊತ್ತಾಗದ ಹಾಗೆ ಸೋಲುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ಮಾವ ಅಮ್ಮನ ಹತ್ತಿರ ಹೇಳುತ್ತಿದ್ದ.

ಮಾವ ಅಮ್ಮನ ತವರು ಜಂಗಮಕೋಟೆಯಿಂದ ನಮ್ಮ ಮನೆಗೆ ಬಂದದ್ದು ಹೈಸ್ಕೂಲು ಓದಲು. ಓದಿಗಿಂತ ಬೇಲಿ ಹಾರಿದ್ದೇ ಹೆಚ್ಚು. ಕ್ಲಬ್ಬಿನಲ್ಲಿ ಆಗ ವಯಸ್ಸಾದ ಸಾಬರೊಬ್ಬರು ಮಾರ್ಕರ್ ಆಗಿದ್ದರು. ಅವರೇ ಅವನ ಕೈಗೆ ಬ್ಯಾಟು ಕೊಟ್ಟು, ಕಾಲು ಎಲ್ಲಿಡಬೇಕು, ಮೊಣಕೈ ಎಷ್ಟು ಬಾಗಬೇಕು ಎಂದು ತಿದ್ದಿ ಕಲಿಸಿದರು. ಗಣಿತದಲ್ಲಿ ಎರಡು ಸಲ ಫೇಲಾಗುವ ಹೊತ್ತಿಗೆ ಮಾವನನ್ನು ಸೋಲಿಸುವವರು ಆ ಕೋರ್ಟಿನಲ್ಲಿ ಯಾರೂ ಉಳಿದಿರಲಿಲ್ಲ. ಹಳೆಯ ಮಾರ್ಕರಿಗೆ ಕಣ್ಣಿನ ಪೊರೆ ಬಂದು ಮಗನ ಊರಿಗೆ ಹೊರಟಾಗ, ಕ್ಲಬ್ಬಿನ ಸೆಕ್ರೆಟರಿಯಾಗಿದ್ದ ಡಾಕ್ಟರು ಮಾವನನ್ನು ಕರೆದು ಆ ಕೆಲಸ ಕೊಟ್ಟರು.

ಜಂಗಮಕೋಟೆಗೆ ಈ ವಿಷಯ ಗೊತ್ತಿರಲಿಲ್ಲ. ಅಲ್ಲಿ ತಾತನಿಗೆ ಬಾವಿಯ ಜಮೀನು, ಹಿಪ್ಪುನೇರಳೆ ತೋಟ, ಹುಳು ಸಾಕುವ ದೊಡ್ಡ ಮನೆ ಇದ್ದವು. ಸುತ್ತಮುತ್ತಲ ಹಳ್ಳಿಯವರು ತಾತನನ್ನು ಕಂಡರೆ ಜಗಲಿಯಿಂದ ಏಳುತ್ತಿದ್ದರು. ಅಂಥವರ ಮಗ ಇನ್ನೊಬ್ಬರ ಚೆಂಡು ಎತ್ತಿಕೊಡುತ್ತಾನೆ ಎಂದು ಹೇಳುವ ಧೈರ್ಯ ಅಮ್ಮನಿಗಿರಲಿಲ್ಲ. 'ಕ್ಲಬ್ಬಿನಲ್ಲಿ ಗುಮಾಸ್ತನ ಕೆಲಸ' ಎಂದು ಹೇಳಿಬಿಟ್ಟಿದ್ದಳು. ರಜೆಗೆ ಊರಿಗೆ ಹೋಗುವಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜಡೆ ಬಿಗಿಯುತ್ತ, "ತಾತನ ಹತ್ರ ಏನೂ ಬಾಯಿ ಬಿಡ್ಬೇಡ ಕಣೇ" ಎಂದು ಎಚ್ಚರಿಸುತ್ತಿದ್ದಳು.

ಬೆಳಿಗ್ಗೆ ಮೆಂಬರುಗಳು ಬರುವ ಮುಂಚೆ ಮಾವ ನನ್ನನ್ನೂ ಆಡಿಸುತ್ತಿದ್ದ. ಹಿಡಿ ಕತ್ತರಿಸಿ ಗಿಡ್ಡ ಮಾಡಿದ ಹಳೆಯ ಬ್ಯಾಟು, ರೋಮ ಉದುರಿ ಬೋಳಾದ ಚೆಂಡು. "ಚೆಂಡು ನೋಡು ಪದ್ದು, ನನ್ ಮುಖದಲ್ಲಿ ಏನೈತೆ?" ಎನ್ನುತ್ತಿದ್ದ. ಇಬ್ಬನಿಯಲ್ಲಿ ನೆನೆದ ಕೆಂಪುಮಣ್ಣು ನನ್ನ ಪಾದಕ್ಕೆಲ್ಲ ಮೆತ್ತಿಕೊಳ್ಳುತ್ತಿತ್ತು. ಮನೆಗೆ ಬಂದರೆ ಅಮ್ಮ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿರುತ್ತಿದ್ದಳು. ಸುಲಿಯುತ್ತಾ ಸುಲಿಯುತ್ತಾ ಕೈಬೆರಳು ಕಪ್ಪಾಗಿ, ಮನೆಯೆಲ್ಲ ಅವರೆಯ ಸೊಗಡು ತುಂಬುತ್ತಿತ್ತು.

ಪ್ರತಿ ವರ್ಷ ಆ ಅವರೆ ಸೀಸನ್ನಿನಲ್ಲೇ ಕ್ಲಬ್ಬಿನ ಕಪ್ಪಿನ ಆಟ, ಗೆದ್ದವರಿಗೆ ಕಪ್ಪು ಕೊಡುವ ಪಂದ್ಯ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ಆಫೀಸರುಗಳು ಬ್ಯಾಟು ಹಿಡಿದು ಬರುತ್ತಿದ್ದರು. ಆ ವರ್ಷ ಮಾವನಿಗೆ ಇಪ್ಪತ್ತೊಂದು. ಒಂದು ಸಂಜೆ, ಡಾಕ್ಟರು ಬೆಂಚಿನ ಮೇಲೆ ಕೂತು ಶೂಲೇಸು ಕಟ್ಟುತ್ತಿದ್ದಾಗ ಅವನು ಹೋಗಿ ಎದುರು ನಿಂತ. ನಾನು ಬೇಲಿಯ ಸಂದಿಯಲ್ಲಿದ್ದೆ.

"ಸಾರ್, ಈ ಸಲ ಕಪ್ಪಿಗೆ ನನ್ ಹೆಸ್ರೂ ಬರ್ಕೊಳ್ಳಿ."

ಡಾಕ್ಟರು ತಲೆ ಎತ್ತಿದರು. "ನಿಂದಾ? ನೀನು ಹೆಂಗಪ್ಪ ಆಡ್ತೀಯ?"

"ದಿನಾ ಎಲ್ಲಾರ್ ಜೊತೆನೂ ಆಡ್ತಾನೇ ಇದೀನಲ್ಲ ಸಾರ್."

"ಅದು ಬೇರೆ, ಕಪ್ಪು ಬೇರೆ. ಕಪ್ಪು ಇರೋದು ಅಮೆಚೂರ್‌ಗಳಿಗೆ. ಅಂದ್ರೆ ಸಂತೋಷಕ್ಕೆ ಆಡೋರ್ಗೆ. ನೀನು ಸಂಬಳಕ್ಕೆ ಆಡೋನು."

"ನಾನೂ ಸಂತೋಷಕ್ಕೇ ಆಡೋದು ಸಾರ್."

"ನಂಗೊತ್ತು ಕಣೋ. ರೂಲ್ಸಿಗೆ ಗೊತ್ತಿಲ್ವಲ್ಲ. ಇದು ನಮ್ಮ ಕ್ಲಬ್ಬಿನ ರೂಲ್ಸಲ್ಲ, ಇಡೀ ಪ್ರಪಂಚದ್ದು."

"ಸಂಬಳ ಬಿಟ್ಬಿಟ್ರೆ?"

"ಒಂದ್ಸಲ ತಗೊಂಡ್ಮೇಲೆ ಮುಗೀತಪ್ಪ."

ಡಾಕ್ಟರು ಕೆಟ್ಟವರಲ್ಲ. ಆ ಮಾತು ಹೇಳಿ ಅವರಿಗೂ ಇರುಸುಮುರುಸಾಯಿತು ಎಂದು ಈಗ ಅನ್ನಿಸುತ್ತದೆ. ಮಾವ "ಆಗ್ಲಿ ಸಾರ್" ಎಂದು ಬಲೆ ಬಿಗಿಯಲು ಹೋದ. ಅವತ್ತು ರಾತ್ರಿ ಊಟಕ್ಕೆ ಹಿತಕಿದ ಬೇಳೆ ಸಾರು ಇದ್ದರೂ ಎರಡನೇ ಮುದ್ದೆ ಬೇಡ ಎಂದ.

ಅದಾದ ವಾರಕ್ಕೆ ಅಜ್ಜಿ ಹೇಳಿಕಳಿಸಿದ್ದಳೆಂದು ನಾನೂ ಅಮ್ಮನೂ ಜಂಗಮಕೋಟೆಗೆ ಹೋದೆವು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟೆದ್ದ ಹುಳುವಿಗೆ ಹಸಿವೋ ಹಸಿವು. ಬಿದಿರಿನ ತಟ್ಟೆಗಳ ತುಂಬ ಅವು ಸೊಪ್ಪು ಮೇಯುವ ಸದ್ದು ಯಾರೋ ಒಣಗಿದ ಕಾಗದವನ್ನು ಮೆಲ್ಲಗೆ ಮುದುರುತ್ತಿರುವ ಹಾಗೆ ಕೇಳುತ್ತಿತ್ತು. ನಾನು ತಾತನ ಜೊತೆ ತಟ್ಟೆಗೆ ಸೊಪ್ಪು ಉದುರಿಸುತ್ತಿದ್ದೆ.

"ಏನಮ್ಮ ಪದ್ದು, ನಿಮ್ಮಾವ ಹೆಂಗವ್ನೆ? ಕ್ಲಬ್ಬಲ್ಲಿ ಬರವಣಿಗೆ ಜಾಸ್ತಿನಾ?" ತಾತ ಕೇಳಿದರು.

"ಬರವಣಿಗೆ ಎಲ್ಲಿ ತಾತ! ಮಾವ ಆಡ್ತಾನೆ. ಮುನ್ಸೀಫ್ರಿಗೆ, ಅಮಲ್ದಾರ್ರಿಗೆ ಎಲ್ಲಾರ್ಗೂ ಅವನೇ ಹೇಳ್ಕೊಡೋದು. ಅವನಷ್ಟು ಚೆನ್ನಾಗಿ ಯಾರ್ಗೂ ಬರಲ್ಲ."

ಹೆಮ್ಮೆಯಿಂದ ಹೇಳಿದ್ದೆ. ತಾತನ ಕೈ ತಟ್ಟೆಯ ಮೇಲೇ ನಿಂತಿತು.

"ಬಿದ್ದ ಚೆಂಡು ಎತ್ಕೊಡೋರು ಯಾರು?"

"ಅದೂ ಮಾವನೇ."

ತಾತ ಉಳಿದ ತಟ್ಟೆಗಳಿಗೆ ಸೊಪ್ಪು ಹಾಕಿ ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಹೋದರು. ನಾನು ಹೇಳಬಾರದ್ದನ್ನು ಹೇಳಿದ್ದೇನೆಂದು ನನಗೆ ಹೊಳೆದದ್ದು ಆಮೇಲೆ. ಅಮ್ಮನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ವಾಪಸು ಬಂದೆ.

ಹುಳುಗಳೆಲ್ಲ ಗೂಡು ಕಟ್ಟಿ ಬಿಡುವಾದ ಮೇಲೆ, ಒಂದು ಭಾನುವಾರ ತಾತ ಬಂದರು. ಮಗನನ್ನು ಕರೆದುಕೊಂಡು ಹೋಗಲೆಂದೇ ಬಂದದ್ದು, ಚಪ್ಪಲಿ ಬಿಡುವ ಮೊದಲೇ "ಎಲ್ಲಿ ಅವನು?" ಎಂದರು. ಅಪ್ಪ ಕುರ್ಚಿ ಹಾಕಿದರು. ಅಮ್ಮ ಮಜ್ಜಿಗೆ ತಂದಳು. ತಾತ ಕೂರಲೂ ಇಲ್ಲ, ಕುಡಿಯಲೂ ಇಲ್ಲ.

ಅದೇ ದಿನ ಕ್ಲಬ್ಬಿನಲ್ಲಿ ಬೇರೆ ಗಡಿಬಿಡಿ ಇತ್ತು. ಬೆಂಗಳೂರಿನಲ್ಲಿ ಯಾವುದೋ ದೊಡ್ಡ ಟೆನ್ನಿಸ್ ಪಂದ್ಯ ಮುಗಿದಿತ್ತು. ಅದಕ್ಕೆ ಬಂದಿದ್ದ ಪರದೇಶದ ಆಟಗಾರನೊಬ್ಬನನ್ನು ಡಾಕ್ಟರ ಸ್ನೇಹಿತರು ನಂದಿಬೆಟ್ಟ ತೋರಿಸಿ, ಡಾಕ್ಟರ ಮನೆಗೆ ಊಟಕ್ಕೆ ಕರೆತಂದಿದ್ದರು. ರುಮೇನಿಯಾ ಎಂಬ ದೇಶದವನಂತೆ. ಅಪ್ಪ ಹಿಂದಿನ ದಿನವೇ ಅದನ್ನು ಸ್ಕೂಲಿನ ಭೂಪಟದಲ್ಲಿ ಹುಡುಕಿ ನನಗೆ ತೋರಿಸಿದ್ದರು. ನನ್ನ ಕಿರುಬೆರಳಿಟ್ಟರೆ ಅರ್ಧ ಮುಚ್ಚಿಹೋಗುತ್ತಿತ್ತು. ವಯಸ್ಸು ಹೆಚ್ಚುಕಡಿಮೆ ಮಾವನದೇ. ಹೆಸರು ಮಿರ್ಚಾ. ಡಾಕ್ಟರು ಆ ಹೆಸರು ಕೂಗಿದ್ದೇ ತಡ, ಬೇಲಿಯ ಹತ್ತಿರ ನಿಂತಿದ್ದ ಮಕ್ಕಳೆಲ್ಲ "ಮಿರ್ಚಿ, ಮಿರ್ಚಿ" ಎಂದು ಕುಣಿದರು. ಸಾರಿನ ಖಾರಕ್ಕೆ ಅವನ ಮೂಗೂ ಕೆಂಪಗಾಗಿತ್ತು.

ನಾನು ತಾತನ ಕೈ ಹಿಡಿದು ಬೇಲಿಯ ಸಂದಿಯಿಂದ ಕರೆದುಕೊಂಡು ಹೋದೆ. ಅಪ್ಪ ಹಿಂದೆಯೇ ಬಂದರು. ನಾವು ನೀಲಗಿರಿ ಮರದ ಕೆಳಗೆ ನಿಂತೆವು.

ಹಿಂದಿನ ವರ್ಷ ಕಪ್ಪು ಗೆದ್ದಿದ್ದ ಮುನ್ಸೀಫರು ಮೊದಲು ಆಡಿದರು. ಮೂರು ಗೇಮು ಮುಗಿಯುವಷ್ಟರಲ್ಲಿ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದು, "ರಾಜೂ, ನೀನು ಬಾರೋ" ಎಂದರು. ಮಾವ ಬ್ಯಾಟಿನ ಹಿಡಿಯನ್ನು ಷರಾಯಿಗೆ ಒರೆಸಿಕೊಂಡು ಒಳಗಿಳಿದ. ಆಗ ಮರದ ಕೆಳಗೆ ನಿಂತಿದ್ದ ತಾತನನ್ನು ನೋಡಿದ. ಮುಖ ಸುಣ್ಣವಾಯಿತು.

ನಾಲ್ಕು ಗೇಮು ಹಾಗೇ ಹೋದವು. ಮಾವ ಕೆಟ್ಟದಾಗಿ ಆಡಲಿಲ್ಲ. ಚೆಂಡೇನೋ ಬಲೆ ದಾಟುತ್ತಿತ್ತು, ಆದರೆ ನೇರ ಮಿರ್ಚಾನ ಕೈಗೇ ಹೋಗುತ್ತಿತ್ತು. ಎದುರಿನವರ ಕೈಗೆ ಹೊಡೆದು ಕೊಟ್ಟು ಕೊಟ್ಟು ಅವನ ಮೈಗೆ ಅದೇ ಅಭ್ಯಾಸವಾಗಿತ್ತು. ನಾಲ್ಕು–ಸೊನ್ನೆ ಆದಾಗ ಆ ಹುಡುಗ ಆಟ ನಿಲ್ಲಿಸಿ ಬಲೆಯ ಹತ್ತಿರ ಬಂದ. ಹರಕು ಇಂಗ್ಲಿಷಿನಲ್ಲಿ ಏನೋ ಹೇಳಿ, ಮೊದಲು ತನ್ನ ಎದೆ ಮುಟ್ಟಿಕೊಂಡು ಬೆರಳು ಅಲ್ಲಾಡಿಸಿದ. ಆಮೇಲೆ ತನ್ನ ಹಿಂದಿನ ಎಡಮೂಲೆ ತೋರಿಸಿದ, ಬಲಮೂಲೆ ತೋರಿಸಿದ.

"ಏನಂತಾನೆ ಅವನು?" ತಾತ ಅಪ್ಪನನ್ನು ಕೇಳಿದರು.

"ನಂಗೆ ಹೊಡೀಬೇಡ, ನಾನಿಲ್ಲದ ಕಡೆ ಹೊಡಿ ಅಂತಾನೆ."

ಮಾವ ತಲೆ ಬಗ್ಗಿಸಿ ತನ್ನ ಜಾಗಕ್ಕೆ ಹೋದ. ಮುಂದಿನ ಚೆಂಡು ಎಡಮೂಲೆಯ ಗೆರೆಯ ಮೇಲೆ ಬಿದ್ದು ಸುಣ್ಣದ ಪುಡಿ ಎದ್ದಿತು. ಆ ಹುಡುಗ "ಹಾ!" ಎಂದು ಕೂಗಿದ, ತಾನೇ ಗೆದ್ದವನ ಹಾಗೆ. ಅಲ್ಲಿಂದ ಮುಂದೆ ನಾನು ನೋಡಿದ ಮಾವ ದಿನಾ ನೋಡುತ್ತಿದ್ದ ಮಾವನಲ್ಲ. ಅವನು ಓಡಿದ, ಜಾರಿದ, ಮಂಡಿ ತರಚಿಕೊಂಡ, ಬಲೆಯ ತನಕ ನುಗ್ಗಿ ಬಂದ. ಒಂದಾಯಿತು, ಎರಡಾಯಿತು, ನಾಲ್ಕು–ನಾಲ್ಕೂ ಆಯಿತು. ಕ್ಲಬ್ಬಿನ ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದು ನಿಂತ. ಡಾಕ್ಟರು ಸಿಗರೇಟು ಸೇದುವುದನ್ನು ಮರೆತರು. ತಾತ ಯಾವಾಗಲೋ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಸಿಲಲ್ಲಿ ಅವರ ಬೋಳುತಲೆ ಬೆವರುತ್ತಿತ್ತು.

ಕೊನೆಗೆ ಆರು–ನಾಲ್ಕು. ಮಾವ ಸೋತ. ಇಬ್ಬರೂ ಬಲೆಯ ಮೇಲಿಂದ ಕೈ ಕುಲುಕಿ, ನಗುತ್ತ ಅಲ್ಲೇ ನಿಂತರು.

"ರಾಜೂ, ಬಾಲ್ ಎತ್ತೋ, ಹೊತ್ತಾಯ್ತು," ಎಂದರು ಮುನ್ಸೀಫರು.

ಬೇಕೆಂದು ಅಂದ ಮಾತಲ್ಲ, ದಿನಾ ಅನ್ನುವ ಮಾತು. ಮಾವ ಬಗ್ಗಿದ. ತಾತನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಆಗ ಆ ಹುಡುಗನೂ ಹೋಗಿ ಇನ್ನೊಂದು ಬದಿಯ ಚೆಂಡುಗಳನ್ನು ಆಯ್ದುಕೊಳ್ಳತೊಡಗಿದ. ಮುನ್ಸೀಫರು ಗಾಬರಿಯಾಗಿ, ಇಂಗ್ಲಿಷಿನಲ್ಲಿ, ಅದೆಲ್ಲ ಮಾರ್ಕರಿನ ಕೆಲಸ, ನೀವು ಬಿಡಿ ಎಂದರು. ಅವನು ಚೆಂಡುಗಳನ್ನು ಎದೆಗೆ ಅವಚಿಕೊಂಡೇ ಉತ್ತರ ಹೇಳಿದ. ಅಪ್ಪ ತಾತನಿಗೆ ಒಂದೊಂದೇ ಮಾತು ಕನ್ನಡ ಮಾಡಿದರು.

ಒಂಬತ್ತನೇ ವಯಸ್ಸಿನಿಂದ ಅವನೂ ಇದೇ ಕೆಲಸ ಮಾಡುತ್ತಿದ್ದನಂತೆ. ಅವನ ತಾಯಿ ಕ್ಲಬ್ಬಿನವರ ಬಟ್ಟೆ ಒಗೆಯುವವಳು. ತಂದೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಚಳಿಗಾಲದಲ್ಲಿ ಕೋರ್ಟಿನ ಮೇಲೆ ಮಂಜು ಬಿದ್ದು ನಾಲ್ಕು ತಿಂಗಳು ಆಟವಿಲ್ಲ. ಆಗ ಶಾಲೆಯ ಗೋಡೆಗೆ ಹೊಡೆದು ಹೊಡೆದು ಕಲಿತದ್ದಂತೆ. ದೇಶ ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು. ಬೆಂಗಳೂರಿನಲ್ಲಿ ಎರಡನೇ ದಿನವೇ ಸೋತನಂತೆ.

"ಈಗ ನೀವು ಅಮೆಚೂರ್ ತಾನೇ?" ಎಂದು ಡಾಕ್ಟರು ಕೇಳಿದರು.

ಹೌದೆಂದ. ತಾನು ರೈಲ್ವೆಯಲ್ಲಿ ಗುಮಾಸ್ತ, ಕಾಗದದ ಮೇಲೆ. ಸಂಬಳ ಅಲ್ಲಿಂದ ಬರುತ್ತದೆ. ಆದರೆ ಆ ಆಫೀಸಿನ ಬಾಗಿಲು ಯಾವ ಕಡೆ ಇದೆಯೋ ಗೊತ್ತಿಲ್ಲ ಎಂದು ನಕ್ಕ. ಡಾಕ್ಟರೂ ನಕ್ಕರು. ನಗುತ್ತ ಮಾವನ ಕಡೆ ತಿರುಗಿದವರು ನಗು ನಿಲ್ಲಿಸಿ, ಸಿಗರೇಟು ಹಚ್ಚಲು ಬೆಂಕಿಪೊಟ್ಟಣ ಹುಡುಕಿದರು. ಮಾವನಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ಅವನು ಚೆಂಡುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕುತ್ತಿದ್ದ.

ತಾತ ಮರದ ಕೆಳಗಿನಿಂದ ಮುಂದೆ ಬಂದರು. "ಮೇಷ್ಟ್ರೇ, ಇವನಿಗೆ ಜಮೀನು ಗಿಮೀನು ಏನೂ ಇಲ್ವಂತಾ? ಅಜ್ಜಿ ತಾತ ಯಾರೂ ಇಲ್ವಾ?"

ಅಪ್ಪ ಕೇಳಿದರು. ಹಳ್ಳಿಯಲ್ಲಿ ಅಜ್ಜಿ ಇದ್ದಾಳೆ, ಅಟ್ಟದ ಮೇಲೆ ರೇಷ್ಮೆಹುಳು ಸಾಕುತ್ತಾಳೆ ಎಂದು ಉತ್ತರ ಬಂತು. ತಾತನ ಹುಬ್ಬು ಮೇಲಕ್ಕೇರಿತು. "ಅಲ್ಲೂ ಹುಳಾನಾ! ಎಷ್ಟು ಜ್ವರಕ್ಕೆ ಗೂಡು ಕಟ್ತವೆ, ಕೇಳಿ."

ಅಪ್ಪ ಪೇಚಿಗೆ ಸಿಕ್ಕಿದರು. ಜ್ವರವನ್ನು ಇಂಗ್ಲಿಷಿನಲ್ಲಿ ಜ್ವರವೆಂದೇ ಹೇಳಿದಾಗ ಆ ಹುಡುಗ ತನ್ನ ಹಣೆ ಮುಟ್ಟಿ ನೋಡಿಕೊಂಡ. ತಾತ "ಅದಲ್ಲಪ್ಪ" ಎಂದು, ಮುಂಗೈ ಮೇಲೆತ್ತಿ, ಬೆರಳುಗಳನ್ನು ಒಟ್ಟು ಸೇರಿಸಿ ಬಾಗಿಸಿ, ಜ್ವರಕ್ಕೆ ಕೂತ ಹುಳುವಿನಂತೆ ಅಲ್ಲಾಡಿಸದೆ ಹಿಡಿದರು. ಹುಡುಗ ಒಂದು ಕ್ಷಣ ನೋಡಿದ. ಮರುಕ್ಷಣ ಅವನ ಮುಖ ಅರಳಿತು. ತಾನೂ ಹಾಗೇ ಕೈ ಎತ್ತಿ ಬಾಗಿಸಿ, ಇನ್ನೊಂದು ಕೈಯಿಂದ ನಾಲ್ಕು ಬೆರಳು ತೋರಿಸಿದ. ತಾತ ಗಟ್ಟಿಯಾಗಿ ನಕ್ಕುಬಿಟ್ಟರು. "ನಾಕೇ! ನಮ್ಮಂಗೇನೆ!"

ಅತಿಥಿಗಳ ಕಾರು ಹೋದ ಮೇಲೆ ತಾತ, ಮಾವ ಇಬ್ಬರೂ ಬೇಲಿಯ ಕಡೆ ನಡೆದರು. ನಾನು ಹಿಂದೆ. ತಾತನಿಗೆ ಮನಸ್ಸು ಕಲಕಿದರೆ ತೆಲುಗು ಬರುತ್ತಿತ್ತು.

"ಏಮಿರಾ, ಇದೇನಾ ನೀ ಉದ್ಯೋಗಂ?" ಎಂದರು. ದನಿಯಲ್ಲಿ ಬರುವಾಗಿನ ಬಿರುಸು ಇರಲಿಲ್ಲ. ಸ್ವಲ್ಪ ದೂರ ಹೋಗಿ, "ಆಟ ಬೇಡ ಅನ್ನಲ್ಲ ನಾನು. ಬಗ್ಗಿ ಎತ್ತೋದು ನಂಗೆ ನೋಡಕ್ಕಾಗಲ್ಲಪ್ಪ," ಎಂದರು.

"ಎರಡೂ ಒಂದೇ ಕೆಲ್ಸ ಅಪ್ಪಯ್ಯ. ಎತ್ತದೆ ಇದ್ರೆ ನನ್ನ ಆಡಕ್ಕೆ ಯಾರು ಬಿಡ್ತಾರೆ?"

ತಾತ ನಮ್ಮಲ್ಲಿ ಊಟ ಮಾಡಿದರು. ಸಾಯಂಕಾಲದ ಬಸ್ಸಿಗೆ ಒಬ್ಬರೇ ಹೊರಟರು. ಹೊಸ್ತಿಲು ದಾಟುವಾಗ ಅಮ್ಮನಿಗೆ, "ಅವನ ಬಟ್ಟೆ ಸರ್ಯಾಗಿ ಒಗ್ದು ಕೊಡಮ್ಮ. ಬೆಳ್ಳಗೆ ಇರ್ಬೇಕಂತಲ್ಲ ಅದು," ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಾದರೂ ತಾತ ಕೊನೆಯವರೆಗೂ ಜಂಗಮಕೋಟೆಯಲ್ಲಿ ಕೇಳಿದವರಿಗೆ "ಮಗ ಕ್ಲಬ್ಬಲ್ಲಿ ಗುಮಾಸ್ತ" ಎಂದೇ ಹೇಳುತ್ತಿದ್ದರು.

ಬಸ್ಸು ಹೋದ ಮೇಲೆ ಬಾವಿಕಟ್ಟೆಯ ಹತ್ತಿರ ಮಂಡಿ ತೊಳೆದುಕೊಳ್ಳುತ್ತಿದ್ದ ಮಾವನ ಮುಂದೆ ನಿಂತು ನಾನು ಅತ್ತುಬಿಟ್ಟೆ. "ತಾತಂಗೆ ನಾನೇ ಹೇಳ್ಬಿಟ್ಟೆ ಮಾವ."

"ಗೊತ್ತು ಬಿಡಮ್ಮ," ಎಂದ. ಗಾಯಕ್ಕೆ ನೀರು ಹಾಕಿಕೊಂಡು ಉಸ್ಸೆಂದ. "ನೀನು ಹೇಳ್ದೆ ಇದ್ದಿದ್ರೆ ಅಪ್ಪಯ್ಯ ನನ್ ಆಟ ಯಾವತ್ತು ನೋಡ್ತಿದ್ರು?"

ಕಪ್ಪಿನ ಆಟ ಮುಂದಿನ ವಾರ ನಡೆಯಿತು. ಮಾವ ಎತ್ತರದ ಕುರ್ಚಿಯಲ್ಲಿ ಕೂತು ಸ್ಕೋರು ಕೂಗಿದ. ಮುನ್ಸೀಫರೇ ಗೆದ್ದರು. ಆದರೆ ಆ ಭಾನುವಾರದ ಮೇಲೆ ಮಾವನಿಗೆ ಒಂದು ಕೆಲಸ ಬಾರದಾಯಿತು. ದೊಡ್ಡವರಿಗೆ ಸೋಲುವ ಕೆಲಸ. ಅಮಲ್ದಾರರಿಗೆ ಒಂದು ಗೇಮೂ ಕೊಡಲಿಲ್ಲ. ಮುನ್ಸೀಫರನ್ನು ಮೂಲೆಯಿಂದ ಮೂಲೆಗೆ ಓಡಿಸಿದ. ಮೆಂಬರುಗಳು ಮುಖ ಊದಿಸಿಕೊಂಡರು. ಡಾಕ್ಟರು ಎರಡು ಸಲ ಕರೆದು ಬುದ್ಧಿ ಹೇಳಿದರು. "ಕೈ ಕೇಳಲ್ಲ ಸಾರ್," ಎಂದನಂತೆ ಮಾವ. ಕೊನೆಗೆ ಡಾಕ್ಟರೇ ಕಾಗದ ಬರೆದು, ಬೆಂಗಳೂರಿನ ದೊಡ್ಡ ಕ್ಲಬ್ಬೊಂದಕ್ಕೆ ಅವನನ್ನು ಮಾರ್ಕರಾಗಿ ಕಳಿಸಿದರು. ಶಿವರಾತ್ರಿಗೆ ಮುಂಚೆ ಹೊರಟುಹೋದ. ಅವನ ಜಾಗಕ್ಕೆ ಬಂದವನು ಹುಡುಗಿಯರನ್ನು ಕೋರ್ಟಿಗೆ ಬಿಡುತ್ತಿರಲಿಲ್ಲ. ನನ್ನ ಆಟ ಅಲ್ಲಿಗೆ ನಿಂತಿತು.

ರುಮೇನಿಯಾದ ಆ ಹುಡುಗನ ಹೆಸರನ್ನು ನಾನೂ ಅಪ್ಪನೂ ಪೇಪರಿನಲ್ಲಿ ಹುಡುಕುತ್ತಿದ್ದೆವು. ಮುಂದಿನ ವರ್ಷ ಎರಡು ಸಲ ಸಣ್ಣಕ್ಷರದಲ್ಲಿ ಸಿಕ್ಕಿತು, ಆಮೇಲೆ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ಸಂಬಳದ ಆಟಗಾರರೂ ದೊಡ್ಡ ಪಂದ್ಯಗಳಲ್ಲಿ ಆಡಬಹುದೆಂದು ಪ್ರಪಂಚದ ರೂಲ್ಸು ಬದಲಾದ ಸುದ್ದಿ ಬಂತು. ಓದಿದ ತಕ್ಷಣ ಮಾವನಿಗೆ ಕಾಗದ ಹಾಕಿದೆ. ಕಾರ್ಡಿನಲ್ಲಿ ಉತ್ತರ ಬಂತು: 'ಓದಿದೆ. ಒಳ್ಳೇದಾಯ್ತು. ಈಗ ನಾನು ಹುಡುಗರಿಗೆ ಹೇಳಿಕೊಡೋದು ಮಾತ್ರ. ಮಂಡಿ ತೊಂದರೆ ಕೊಡ್ತಾ ಇದೆ. ಅಕ್ಕನನ್ನು ಕೇಳಿದೆ ಅಂತ ಹೇಳು.' ಅವನಿಗಾಗ ಮೂವತ್ತು ದಾಟಿತ್ತು.

ಕೋರ್ಟು ಇದ್ದ ಕಡೆ ಈಗ ಕಲ್ಯಾಣ ಮಂಟಪಕ್ಕೆ ಬಂದವರು ಕಾರು ನಿಲ್ಲಿಸುತ್ತಾರೆ. 'ಪ್ರೊಫೆಷನಲ್' ಎನ್ನುವುದು ಈಗ ದೊಡ್ಡ ಮರ್ಯಾದೆಯ ಮಾತು. ನನ್ನ ಮೊಮ್ಮಗಳ ಕೋಚು ತನ್ನ ಹೆಸರಿನ ಕೆಳಗೆ ಅದನ್ನೇ ಬರೆಸಿಕೊಂಡಿದ್ದಾನೆ. ಮಾವ ಹೋಗಿ ಬಹಳ ವರ್ಷವಾಯಿತು. ತಾತ, ಅಪ್ಪ, ಡಾಕ್ಟರು, ಆ ದಿನ ಕೋರ್ಟಿನ ಸುತ್ತ ನಿಂತಿದ್ದವರಲ್ಲಿ ಈಗ ನಾನು ಹೆಸರು ಹಿಡಿದು ಕರೆಯಬಹುದಾದವರು ಯಾರೂ ಇಲ್ಲ. ಮದುವೆ ಮುಂಜಿಗಳಲ್ಲಿ ನೆಂಟರು ಹಳೆಯ ಫೋಟೋ ತೋರಿಸಿ, "ಇವ್ರು ಮುನಿರಾಜಪ್ಪ ಅಲ್ವಾ? ಯಾವ್ದೋ ಕ್ಲಬ್ಬಲ್ಲಿ ಕೆಲ್ಸಕ್ಕಿದ್ರಂತೆ," ಎನ್ನುತ್ತಾರೆ. ಇಲ್ಲ, ಅವನು ಆಡುತ್ತಿದ್ದ ಎಂದು ಹೇಳಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವರು ಮುಂದಿನ ಫೋಟೋಗೆ ಹೋಗಿರುತ್ತಾರೆ.